ಮಂಗಳನ ಗಾಳಿ 37 ಟರ್ನ್‌ನಲ್ಲಿ ಖಾಲಿ! ಟೆರಾಫಾರ್ಮಿಂಗ್ ಮಾಡ್‌ನಲ್ಲಿ ಎಲ್ಲಿ ತಪ್ಪಿದೆ?

ಕೆಂಪುಮಣ್ಣು:
ಬಾಹ್ಯಾಕಾಶದ ಸ್ಟ್ರಾಟಜಿ ಆಟವೊಂದಕ್ಕೆ ಮಾಡ್, ಅಂದರೆ ಆಟದ ನಿಯಮ ಬದಲಿಸುವ ಸೇರ್ಪಡೆ ಬರೆಯುತ್ತಿದ್ದೇನೆ. ವಿಷಯ ಟೆರಾಫಾರ್ಮಿಂಗ್: ಗ್ರಹವನ್ನು ಭೂಮಿಯಂತೆ ವಾಸಕ್ಕೆ ಒಗ್ಗಿಸುವುದು. ಮೂಲ ಆಟದಲ್ಲಿ ಬಟನ್ ಒತ್ತಿದರೆ ಸಾಕು, ಮಂಗಳ ಹಸಿರಾಗಿಬಿಡುತ್ತದೆ. ಅದು ಬೇಡ, ವಿಜ್ಞಾನಕ್ಕೆ ಸ್ವಲ್ಪ ಹತ್ತಿರ ಇರಲಿ ಅಂತ ಹೊರಟೆ. ಒಂದು ಟರ್ನ್ ಅಂದರೆ ಒಂದು ವರ್ಷ. ಧ್ರುವದ ಹಿಮ ಕರಗಿಸಿ ಗಾಳಿಯ ಒತ್ತಡವನ್ನು 6 ಮಿಲಿಬಾರ್‌ನಿಂದ 300ಕ್ಕೆ ಏರಿಸುತ್ತೇನೆ. ಅಲ್ಲಿವರೆಗೆ ಎಲ್ಲ ಸರಿ. ಯೋಜನೆ ಮುಗಿದ ಮೇಲೆ ಸೋರಿಕೆ ಶುರು: 300, 270, 243, 219... 37 ಟರ್ನ್ ಕಳೆಯುವಷ್ಟರಲ್ಲಿ ಮತ್ತೆ 6. ಮಂಗಳನಿಗೆ ಭೂಮಿಯಂಥ ಕಾಂತಕ್ಷೇತ್ರ ಇಲ್ಲ, ಗಾಳಿ ಸೋರುತ್ತೆ, ಒಪ್ಪಿದೆ. ಆದರೆ ಇಷ್ಟು ಬೇಗನಾ? ಸೋರಿಕೆ ತೆಗೆದುಹಾಕಿದರೆ ಆಟ ಮತ್ತೆ ಸಲೀಸು.

ರಾತ್ರಿಪಾಳಿ:
ಪ್ರತಿ ಟರ್ನ್‌ಗೂ ಸರಿಯಾಗಿ ಹತ್ತರಲ್ಲಿ ಒಂದು ಪಾಲು ಹೋಗುತ್ತಿದೆ, ಗಮನಿಸಿದಿರಾ? ಗ್ರಹದ ಫೈಲಿನಲ್ಲಿ ಸೋರಿಕೆಗೆ ಏನು ಹಾಕಿದ್ದೀರಿ?

ಕೆಂಪುಮಣ್ಣು:
0.1. ಸೌರಮಾರುತ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವು) ಸೆಕೆಂಡಿಗೆ ಸುಮಾರು 100 ಗ್ರಾಂ ಗಾಳಿ ಕಿತ್ತೊಯ್ಯುತ್ತದೆ ಅಂತ ನಾಸಾದ ಮೇವನ್ ನೌಕೆಯ ತಂಡ 2015ರಲ್ಲಿ ಹೇಳಿತ್ತಲ್ಲ, ಅದನ್ನೇ ಕೆಜಿಗೆ ತಿರುಗಿಸಿದೆ.

ರಾತ್ರಿಪಾಳಿ:
ಸಿಕ್ಕಿತು ಕಳ್ಳ. ನೀವು ಕೊಟ್ಟಿದ್ದು ಕೆಜಿ, ಆಟ ಓದಿಕೊಂಡಿದ್ದು ಪಾಲು. 0.1 ಅಂದರೆ ಅದಕ್ಕೆ ಶೇ. 10.

ಸೆಕೆಂಡಿಗೆ 100 ಗ್ರಾಂ ಅಂದರೆ ವರ್ಷಕ್ಕೆ ಸುಮಾರು 3,000 ಟನ್. ಜಾಸ್ತಿ ಅನ್ನಿಸುತ್ತೆ ಅಲ್ವಾ? ಮಂಗಳನ ಈಗಿನ ತೆಳು ಗಾಳಿಯೇ ಸುಮಾರು 25 ಲಕ್ಷ ಕೋಟಿ ಟನ್ ಇದೆ. ಈ ವೇಗದಲ್ಲಿ ಅದು ಮುಗಿಯಲು 800 ಕೋಟಿ ವರ್ಷ ಬೇಕು. ಸೂರ್ಯ ಎಳೆಯನಿದ್ದಾಗ ಹೊಡೆತ ಜೋರಾಗಿತ್ತು, ಮಂಗಳ ಬರಿದಾಗಿದ್ದು ಆಗ. ನಿಮ್ಮ ಆಟದ ಅವಧಿಗೆ ಸೋರಿಕೆ ಲೆಕ್ಕಕ್ಕೇ ಇಲ್ಲ. ಸುಮ್ನೆ ಸೊನ್ನೆ ಹಾಕಿ. ಕಾಂತಕ್ಷೇತ್ರದ ಭಯ ಇಂಥ ಆಟಗಳಲ್ಲಿ ವಿಪರೀತ ಉಬ್ಬಿದೆ.

ನಿಜವಾದ ತಪ್ಪು ಆ 300. ಅಷ್ಟು ಗಾಳಿ ಎಲ್ಲಿಂದ ತಂದಿರಿ? ಧ್ರುವದ ಹಿಮದಲ್ಲಿರುವ ಇಂಗಾಲದ ಡೈಆಕ್ಸೈಡ್ ಪೂರ್ತಿ ಬಿಟ್ಟರೂ ಒತ್ತಡ ಹೆಚ್ಚುಕಮ್ಮಿ ಎರಡರಷ್ಟಾಗಬಹುದು, ಅಷ್ಟೆ. ಮಣ್ಣಿನಲ್ಲಿ, ಕಲ್ಲಿನಲ್ಲಿ ಕೈಗೆಟುಕುವುದನ್ನೆಲ್ಲ ಸೇರಿಸಿದರೂ ಸುಮಾರು 20 ಮಿಲಿಬಾರ್ ಅಂತ ವಿಜ್ಞಾನಿಗಳಾದ ಜಾಕೋಸ್ಕಿ, ಎಡ್ವರ್ಡ್ಸ್ 2018ರಲ್ಲಿ ಲೆಕ್ಕ ಹಾಕಿದ್ದಾರೆ.

ಧೂಮಕೇತು7:
ನಡುವೆ ಬಾಯಿ ಹಾಕುತ್ತಿದ್ದೇನೆ. ಮಂಗಳನ ಗುರುತ್ವ ಭೂಮಿಯದರ ಶೇ. 38. ಹಾಗಾದರೆ ಅಲ್ಲಿ ಕಡಿಮೆ ಗಾಳಿ ತುಂಬಿದರೆ ಸಾಕಲ್ವಾ?

ರಾತ್ರಿಪಾಳಿ:
ಉಲ್ಟಾ! ಒತ್ತಡ ಅಂದರೆ ಮೇಲಿರುವ ಗಾಳಿಯ ತೂಕ. ಎಳೆತ ಕಡಿಮೆ ಆದಷ್ಟೂ ಅದೇ ಒತ್ತಡಕ್ಕೆ ಜಾಸ್ತಿ ಗಾಳಿ ಪೇರಿಸಬೇಕು. ಭೂಮಿಯ ಮೇಲೆ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಗಾಳಿ ನಿಂತಿದೆ. ಮಂಗಳದಲ್ಲಿ ಅದೇ ಒತ್ತಡಕ್ಕೆ 27 ಟನ್ ಬೇಕು. ಇಡೀ ಗ್ರಹಕ್ಕೆ ಇದನ್ನು ಹೊರಗಿನಿಂದ ಸಾಗಿಸಬೇಕು.

ಕೆಂಪುಮಣ್ಣು ಅವರೇ, ನಾನಾಗಿದ್ದರೆ ಸ್ಥಳೀಯ ಗಾಳಿಗೆ 20ರ ಮಿತಿ ಹಾಕಿ, ಮೇಲಿನದ್ದಕ್ಕೆಲ್ಲ ಆಮದು ಕಡ್ಡಾಯ ಮಾಡುತ್ತಿದ್ದೆ. 63 ಮಿಲಿಬಾರ್ ದಾಟಿದಾಗ ಒಂದು ಬಹುಮಾನ ಇಡಿ. ಅದಕ್ಕಿಂತ ಕೆಳಗೆ ನೀರು ನಮ್ಮ ಮೈಬಿಸಿಗೇ ಕುದಿಯುತ್ತೆ, ಒತ್ತಡದ ಉಡುಪಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ದಾಟಿದ ಮೇಲೂ ಆಮ್ಲಜನಕದ ಮಾಸ್ಕ್ ಬೇಕೇ ಬೇಕು, ಬರೀ ಮಾಸ್ಕ್ ಸಾಲಬೇಕಾದರೆ ಒತ್ತಡ ಇನ್ನೂ ಏರಬೇಕು.

ಕೆಂಪುಮಣ್ಣು:
ಸೋರಿಕೆ 0, ಮಿತಿ 20. ನಿನ್ನೆ ರಾತ್ರಿ 200 ಟರ್ನ್ ಓಡಿಸಿದೆ. ಒತ್ತಡ 19.6ರಲ್ಲಿ ಕೂತಿದೆ, ಅಲುಗಾಡಿಲ್ಲ. ಬೇರೆ ದಾರಿ ಇಲ್ಲದೆ ಗಾಜಿನ ಗುಮ್ಮಟದ ಊರುಗಳನ್ನೇ ಕಟ್ಟಿದೆ, ಆಟ ಈಗಲೇ ಚೆನ್ನಾಗಿದೆ. ಒಂದೇ ತಲೆನೋವು: ಎದುರಾಳಿ ಕಂಪ್ಯೂಟರಿಗೆ ಈ ಮಿತಿ ಗೊತ್ತಾಗುತ್ತಿಲ್ಲ. ಪ್ರತಿ ಟರ್ನ್‌ನಲ್ಲೂ ಖಜಾನೆಯನ್ನೆಲ್ಲ ಕರಗಿಹೋದ ಹಿಮದ ಮೇಲೆ ಸುರಿಯುತ್ತಿದೆ. ಅದರ ಫೈಲನ್ನು ನಾಳೆ ಇಲ್ಲೇ ಹಾಕುತ್ತೇನೆ.