ಸಹಾಯ ಬೇಕು: ಆರ್‌ಎಫ್‌ಐಡಿಗೆ ಹಾಕಿದ ದುಡ್ಡು ವಾಪಸ್ ಬರುವ ಲೆಕ್ಕ ಹೇಗೆ ಹಾಕುವುದು?

ಎಲ್ಲರಿಗೂ ನಮಸ್ಕಾರ. ಗೋದಾಮಿನ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಬಾರ್‌ಕೋಡ್ ಬಿಟ್ಟು ಆರ್‌ಎಫ್‌ಐಡಿಗೆ (ಪೆಟ್ಟಿಗೆಗೆ ಅಂಟಿಸಿದ ಟ್ಯಾಗನ್ನು ರೇಡಿಯೋ ಅಲೆಯಿಂದ ದೂರದಿಂದಲೇ ಓದುವ ವ್ಯವಸ್ಥೆ) ಹೋದರೆ ಹಾಕಿದ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಅಂತ ಮೇಲಿನವರು ಕೇಳಿದ್ದಾರೆ. ಎರಡು ವಾರದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಖರ್ಚಿನ ಕಡೆ ಪರವಾಗಿಲ್ಲ. ರೀಡರ್, ಆಂಟೆನಾ, ಪ್ರಿಂಟರ್, ಸಾಫ್ಟ್‌ವೇರ್ ಜೋಡಣೆ ಹೆಚ್ಚುಕಮ್ಮಿ ಒಂದು ಸಲದ ಖರ್ಚು. ಟ್ಯಾಗ್ ಮಾತ್ರ ಪ್ರತಿ ಪೆಟ್ಟಿಗೆಗೂ ಹೊಸದು. ಪೆಟ್ಟಿಗೆ ಹೊರಗೆ ಹೋದರೆ ಟ್ಯಾಗೂ ಹೋಯಿತು, ಅಲ್ವಾ?

ಒಂದು ಬಾಗಿಲಲ್ಲಿ ಪ್ರಯೋಗ ಮಾಡಿ ನೋಡಿದೆವು. ಬಟ್ಟೆ ತುಂಬಿದ ಪ್ಯಾಲೆಟ್ (ಪೆಟ್ಟಿಗೆ ಜೋಡಿಸಿ ಸಾಗಿಸುವ ಹಲಗೆ) ಬಾಗಿಲು ದಾಟುವಷ್ಟರಲ್ಲಿ ಎಣಿಕೆಯೇ ಮುಗಿದಿತ್ತು. ನಿಜಕ್ಕೂ ಖುಷಿಯಾಯಿತು. ಆದರೆ ಶಾಂಪೂ ಬಾಟಲಿಗಳ ಪ್ಯಾಲೆಟ್‌ನಲ್ಲಿ ಒಳಗಿನ ಪೆಟ್ಟಿಗೆಗಳ ಟ್ಯಾಗ್ ಸಿಗಲೇ ಇಲ್ಲ. ಟ್ಯಾಗ್ ಓದುವ ಯುಎಚ್‌ಎಫ್ ರೇಡಿಯೋ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ಲೋಹ ವಾಪಸ್ ತಳ್ಳುತ್ತದೆ. ಅಲ್ಲಿ ಮತ್ತೆ ಕೈಯಲ್ಲೇ ಎಣಿಸಿದೆವು.

ಗೊಂದಲ ಇರುವುದು ಉಳಿತಾಯದ ಕಡೆ. ಎಣಿಕೆಗೆ 3 ಗಂಟೆ ಬದಲು ಅರ್ಧ ಗಂಟೆ ಸಾಕು. ಆದರೆ ಜನ ಅಷ್ಟೇ ಇರುತ್ತಾರೆ, ಸಂಬಳವೂ ಅಷ್ಟೇ. ಅದನ್ನು ಸುಮ್ನೆ ಉಳಿತಾಯ ಅಂತ ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು, ಟ್ಯಾಗ್ ಅಂಟಿಸುವುದು ನಾವು, ಜಾಸ್ತಿ ಲಾಭ ಮಾಲು ಕೊಳ್ಳುವ ಅಂಗಡಿಯವರಿಗೆ. 2003ರಲ್ಲಿ ವಾಲ್‌ಮಾರ್ಟ್ ತನ್ನ 100 ದೊಡ್ಡ ಸರಬರಾಜುದಾರರಿಗೆ 2005ರ ಜನವರಿಯೊಳಗೆ ಟ್ಯಾಗ್ ಹಾಕಿ ಅಂದಾಗಲೂ ಇದೇ ತಕರಾರು ಎದ್ದಿತ್ತು.

ಇಂಥ ಲೆಕ್ಕ ಹಾಕಿದವರು ದಯವಿಟ್ಟು ಹೇಳಿ. ಉಳಿದ ಸಮಯಕ್ಕೂ ಬೆಲೆ ಕಟ್ಟಿದಿರಾ, ಇಲ್ಲ ಓವರ್‌ಟೈಮ್, ತಪ್ಪು ರವಾನೆ, ಕಳೆದ ಮಾಲು ಇಷ್ಟನ್ನೇ ಹಿಡಿದಿರಾ? ಟ್ಯಾಗ್ ಖರ್ಚನ್ನು ಕೊಳ್ಳುವವರ ಜೊತೆ ಹಂಚಿಕೊಂಡಿದ್ದರೆ, ಯಾವ ಆಧಾರದ ಮೇಲೆ ಹಂಚಿದಿರಿ?