ಬೇಸ್‌ಮೆಂಟ್‌ನಲ್ಲಿ ರೇಡಾನ್ 7.2 ಬಂದಿದೆ, ಈ ಮನೆ ತಗೋಬಹುದಾ?

ಪ್ರಶ್ನೆ: ನಮಸ್ಕಾರ. ಪೆನ್ಸಿಲ್ವೇನಿಯಾದಲ್ಲಿ ಒಂದು ಮನೆಗೆ ಆಫರ್ ಕೊಟ್ಟಿದ್ದೇವೆ. ಇನ್‌ಸ್ಪೆಕ್ಷನ್‌ನಲ್ಲಿ ಬೇಸ್‌ಮೆಂಟ್‌ನ ರೇಡಾನ್ (ವಿಕಿರಣಶೀಲ ಅನಿಲ) ಲೀಟರ್ ಗಾಳಿಗೆ 7.2 ಪಿಕೊಕ್ಯೂರಿ (ವಿಕಿರಣ ಅಳೆಯುವ ಮಾನ) ಬಂತು. ಕಿಟಕಿ ತೆಗೆದಿಟ್ಟರೆ ಸಾಕು, ಪಕ್ಕದ ಮನೆಯಲ್ಲಿ ಬರೀ 1.5 ಇದೆ ಅಂತಾರೆ ಮಾರುವವರು. ಮೈಸೂರಿಂದ ಅತ್ತೆ-ಮಾವ ಬಂದರೆ ಆರು ತಿಂಗಳು ಮಲಗೋದು ಅಲ್ಲೇ. ಏರ್ ಪ್ಯೂರಿಫೈಯರ್ ಇಟ್ಟರೆ ಆಗುತ್ತಾ?

ಉತ್ತರ (ರೇಡಾನ್ ತಪಾಸಣೆ ಮಾಡುವವರು): ಮನೆ ಇಷ್ಟವಾಗಿದ್ದರೆ ಬಿಡಬೇಕಿಲ್ಲ, ಆದರೆ ಇದನ್ನು ಸರಿಮಾಡಿಸದೆ ಯಾರನ್ನೂ ಕೆಳಗೆ ಮಲಗಿಸಬೇಡಿ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ದುರಸ್ತಿ ಮಾಡಿಸಿ ಅನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ.

ಮಣ್ಣು, ಬಂಡೆಯಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ರೇಡಾನ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ಆ ಜಾಗ ತುಂಬಲು ಮನೆ ನೆಲದ ಬಿರುಕುಗಳಿಂದ ಮಣ್ಣಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಿಟಕಿ ತೆಗೆಯಲಾಗದ ಕಾಲದಲ್ಲೇ ರೇಡಾನ್ ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ಮಾರುವವರ ಸಲಹೆ ನಡೆಯೋದಿಲ್ಲ. ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ಈ ಅನಿಲವನ್ನಲ್ಲ.

ಪಕ್ಕದ ಮನೆಯ ಲೆಕ್ಕವನ್ನಂತೂ ನಂಬಲೇಬೇಡಿ. 1984ರಲ್ಲಿ ನಿಮ್ಮ ರಾಜ್ಯದಲ್ಲೇ ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟಾನ್ಲಿ ವಾಟ್ರಸ್ ವಿಕಿರಣ ಪತ್ತೆ ಯಂತ್ರದ ಮುಂದೆ ನಿಂತರೆ ಅಲಾರಂ ಹೊಡೆಯುತ್ತಿತ್ತು. ಸ್ಥಾವರದಲ್ಲಿ ವಿದ್ಯುತ್ ಉತ್ಪಾದನೆ ಇನ್ನೂ ಶುರುವೇ ಆಗಿರಲಿಲ್ಲ! ಹುಡುಕಿದರೆ ಅವರ ಮನೆಯಲ್ಲೇ ರೇಡಾನ್ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ. ಅಕ್ಕಪಕ್ಕದಲ್ಲಿ ಅಷ್ಟಿಲ್ಲದ ಮನೆಗಳೂ ಇದ್ದವು.

ಪ್ರಶ್ನೆ: ಮಾವ ಈಗಲೂ ಸಿಗರೇಟು ಸೇದುತ್ತಾರೆ ಸರ್. ಅದರಿಂದ ವ್ಯತ್ಯಾಸ ಇದೆಯಾ?

ಉತ್ತರ: ಬಹಳ ಇದೆ. ಜೀವಮಾನವಿಡೀ 4 ಪಿಕೊಕ್ಯೂರಿಯಲ್ಲಿ ಬದುಕಿದರೆ, ಎಂದೂ ಸೇದದ ಸಾವಿರ ಜನರಲ್ಲಿ ಸುಮಾರು 7 ಮಂದಿಗೆ, ಸೇದುವ ಸಾವಿರದಲ್ಲಿ ಸುಮಾರು 62 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು ಅನ್ನುವುದು ಅದೇ ಸಂಸ್ಥೆಯ ಅಂದಾಜು. ಒಂದು ಬೇಸಿಗೆ ಬಂದು ಹೋದರೆ ಅಷ್ಟು ಅಪಾಯವಿಲ್ಲ, ಗಾಬರಿಯಾಗಬೇಡಿ. ಆದರೆ ವರ್ಷವಿಡೀ ಅಲ್ಲಿರುವವರು ನೀವು, ಮಕ್ಕಳು.

ಪ್ರಶ್ನೆ: ಹಾಗಾದರೆ ಏನು ಮಾಡಿಸಬೇಕು?

ಉತ್ತರ: ಬೇಸ್‌ಮೆಂಟ್ ಕಾಂಕ್ರೀಟಿಗೆ ತೂತು ಕೊರೆದು ಪಿವಿಸಿ ಪೈಪ್ ಇಳಿಸಿ, ಫ್ಯಾನಿನಿಂದ ಅಡಿಯ ಗಾಳಿಯನ್ನು ಎಳೆದು ಸೂರಿನ ಮೇಲೆ ಬಿಡುತ್ತಾರೆ. ಫ್ಯಾನ್ ಹಗಲು ರಾತ್ರಿ ಓಡುತ್ತಲೇ ಇರಬೇಕು. ಬರೀ ಬಿರುಕು ಮುಚ್ಚಿ ಬಣ್ಣ ಬಳಿದರೆ ಸಾಲದು. ಕ್ಲೋಸಿಂಗ್‌ಗೆ (ಮನೆ ನಿಮ್ಮ ಹೆಸರಿಗಾಗುವ ದಿನಕ್ಕೆ) ಮುಂಚೆ ಮಾರುವವರೇ ಹಾಕಿಸಲಿ ಅಂತ ಕೇಳಿ, ಇದು ಮಾಮೂಲಿ ಬೇಡಿಕೆ. ಪೆನ್ಸಿಲ್ವೇನಿಯಾದಲ್ಲಿ ಈ ಕೆಲಸಕ್ಕೆ ರಾಜ್ಯದ ಸರ್ಟಿಫಿಕೇಟ್ ಬೇಕು, ಅದನ್ನು ನೋಡಿ. ಫ್ಯಾನ್ ಶುರುವಾಗಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಮತ್ತೆ ಅಳೆಸಿ. ಅಳೆಯುವವರು ಪೈಪ್ ಹಾಕಿದವರೇ ಆಗಿರದಿದ್ದರೆ ಒಳ್ಳೆಯದು.