ಬೇಸಿಗೆ ರಜೆಯ ಊಟದ ಕಾರ್ಡು (ಸನ್ ಬಕ್ಸ್): ಯಾವ ಮಗುವಿಗೆ ಸಿಗುತ್ತೆ, ಯಾವ ಮಗುವಿಗೆ ಇಲ್ಲ? ಪ್ರಶ್ನೋತ್ತರ, ಜೂನ್ 2025

ಅಡ್ಮಿನ್: ಅಮೆರಿಕದ ಶಾಲೆಗಳಿಗೆ ರಜೆ ಬಂತು. "ಮಗುವಿಗೆ 120 ಡಾಲರ್ ಕೊಡ್ತಾರಂತೆ, ನಮಗೂ ಬರುತ್ತಾ" ಅಂತ ಗುಂಪಿನಲ್ಲಿ ದಿನಾ ಅದೇ ಮಾತು. ನಾವೆಲ್ಲ ಅರ್ಜಿ ಮೇಡಂ ಅಂತ ಕರೆಯುವ ನಮ್ಮ ಸದಸ್ಯರು ನ್ಯೂಜೆರ್ಸಿಯಲ್ಲಿ ಶಾಲಾ ಊಟದ ಅರ್ಜಿಗಳನ್ನೇ ನೋಡುವ ಕೆಲಸದಲ್ಲಿದ್ದಾರೆ. ಇವತ್ತು ಸಂಜೆ ಉತ್ತರ ಕೊಡ್ತಾರೆ. ಮರ್ಯಾದೆಯಿಂದ ಕೇಳಿ.

ಅರ್ಜಿ ಮೇಡಂ: ಎಲ್ಲರಿಗೂ ನಮಸ್ಕಾರ. ಮೊದಲು ಇದನ್ನು ಓದಿ, ಆಮೇಲೆ ಕೇಳಿ. ಇದರ ಹೆಸರು ಸಮ್ಮರ್ ಇಬಿಟಿ. ಇಬಿಟಿ ಅಂದರೆ ಸರ್ಕಾರ ದುಡ್ಡು ಹಾಕಿ ಕೊಡೋ, ಆಹಾರ ಕೊಳ್ಳುವ ಕಾರ್ಡು. ಸನ್ ಬಕ್ಸ್ ಅಂತಲೂ ಕರೀತಾರೆ. 2022ರ ಡಿಸೆಂಬರಿನಲ್ಲಿ ಕಾನೂನಾಯಿತು, 2024ರ ಬೇಸಿಗೆಯಿಂದ ಕೊಡ್ತಿದ್ದಾರೆ. ಒಂದು ಮಗುವಿಗೆ ತಿಂಗಳಿಗೆ 40 ಡಾಲರ್, ಮೂರು ತಿಂಗಳಿಗೆ 120. ಸ್ನ್ಯಾಪ್, ಅಂದರೆ ಫುಡ್ ಸ್ಟಾಂಪ್, ಇರುವ ಮನೆಯ ಶಾಲಾ ಮಕ್ಕಳಿಗೆ ಸಾಮಾನ್ಯವಾಗಿ ತಾನಾಗೇ ಬರುತ್ತೆ. ಶಾಲೆಯಲ್ಲಿ ಅರ್ಜಿ ಹಾಕಿ, ಆದಾಯದ ಮೇಲೆ ಫ್ರೀ ಅಥವಾ ಕಡಿಮೆ ದರದ ಊಟಕ್ಕೆ ಪಾಸಾದ ಮಕ್ಕಳಿಗೂ ಬರುತ್ತೆ. ಮಿತಿ ಬಡತನ ರೇಖೆಯ 185 ಪರ್ಸೆಂಟ್. ನಾಲ್ಕು ಜನರ ಮನೆಗೆ 2025ರ ಜೂನ್ ಕೊನೆಯವರೆಗೆ ವರ್ಷಕ್ಕೆ 57,720 ಡಾಲರ್, 2025ರ ಜುಲೈ 1ರಿಂದ 59,478. ಟ್ಯಾಕ್ಸ್ ಹಿಡಿಯುವ ಮುಂಚಿನ ಲೆಕ್ಕ. ಫ್ರೀ ಇದ್ದರೂ ಅಷ್ಟೇ, ಕಡಿಮೆ ದರ ಇದ್ದರೂ ಅಷ್ಟೇ, ಪೂರ್ತಿ 120.

ಎಂಎಸ್ ಮಾಡ್ತಿರೋ ಹುಡುಗ: ಮೇಡಂ, ನಾನೂ ವಿದ್ಯಾರ್ಥಿ. ಎಫ್-1 ವೀಸಾ. ನನಗೆ ಸಿಗುತ್ತಾ?

ಅರ್ಜಿ ಮೇಡಂ: ಇಲ್ಲಪ್ಪ. ಇದು ಸ್ಕೂಲ್ ಮಕ್ಕಳಿಗೆ, 12ನೇ ಕ್ಲಾಸಿನವರೆಗೆ. ಎಫ್-1ನಲ್ಲಿ ಇರೋರಿಗೆ ಸ್ನ್ಯಾಪ್ ಕೂಡ ಇಲ್ಲ. ನಿಮ್ಮ ಕ್ಯಾಂಪಸ್ಸಿನಲ್ಲಿ ಫುಡ್ ಪ್ಯಾಂಟ್ರಿ ಇದೆಯಾ ವಿಚಾರಿಸಿ. ನಾಚಿಕೆ ಬೇಡ.

ಬೆಣ್ಣೆದೋಸೆ ಡಲ್ಲಾಸ್: ಟೆಕ್ಸಾಸಿನಲ್ಲಿ ಎಲ್ಲಿ ಅರ್ಜಿ ಹಾಕಬೇಕು ಮೇಡಂ? ಮೂರು ವೆಬ್‌ಸೈಟ್ ನೋಡಿದೆ, ಎಲ್ಲೂ ಇಲ್ಲ.

ಅರ್ಜಿ ಮೇಡಂ: ಇರಲ್ಲ, ಯಾಕಂದ್ರೆ ಟೆಕ್ಸಾಸ್ ಸೇರೇ ಇಲ್ಲ. ಮಕ್ಕಳಿಗೆ ಕೊಡೋ ದುಡ್ಡು ಪೂರ್ತಿ ಕೇಂದ್ರದ್ದು. ಆಡಳಿತದ ಖರ್ಚಿನಲ್ಲಿ ಅರ್ಧ ಮಾತ್ರ ರಾಜ್ಯ ಹಾಕಬೇಕು. ನಿಮ್ಮ ಶಾಸನಸಭೆ ಅದಕ್ಕೆ 60 ಮಿಲಿಯನ್ ಡಾಲರ್ ಎತ್ತಿಟ್ಟಿತ್ತು, ಗವರ್ನರ್ ಅಬ್ಬಾಟ್ 2025ರ ಜೂನಿನಲ್ಲಿ ಅದನ್ನು ವೀಟೊ ಮಾಡಿದರು. ಟೆನೆಸ್ಸೀ 2024ರಲ್ಲಿ ಇತ್ತು, 2025ರಲ್ಲಿ ಬಿಟ್ಟಿದೆ. ಆದರೆ ಬೇಸಿಗೆ ಊಟದ ಕೇಂದ್ರಗಳು ಟೆಕ್ಸಾಸಿನಲ್ಲೂ ಇವೆ. ಲೈಬ್ರರಿ, ಪಾರ್ಕು, ಶಾಲೆಗಳಲ್ಲಿ ನಡೆಯುತ್ತವೆ. 18 ವರ್ಷದೊಳಗಿನ ಮಗು ಹೋಗಿ ಕೂತರೆ ಸಾಕು. "ಓಪನ್ ಸೈಟ್" ಅಂತ ಇದ್ದರೆ ಫಾರ್ಮಿಲ್ಲ, ಆದಾಯ ಕೇಳಲ್ಲ, ಹೆಸರು ನೋಂದಾಯಿಸೋದೂ ಬೇಕಿಲ್ಲ.

ಅಟ್ಲಾಂಟಾ ಅಮ್ಮ: ಜಾರ್ಜಿಯಾದಲ್ಲಿ ಹೇಗೆ?

ಅರ್ಜಿ ಮೇಡಂ: 2025ಕ್ಕೆ ಜಾರ್ಜಿಯಾನೂ ಸೇರಿಲ್ಲ. ಮೇಲಿನ ಉತ್ತರವೇ.

ಎಡಿಸನ್ ಗೃಹಿಣಿ: ಅಕ್ಕ, ನಮ್ಮ ಮಗನಿಗೆ ಶಾಲೆಯಲ್ಲಿ ಊಟ ಫ್ರೀ. ಅರ್ಜಿ ಹಾಕಿಯೇ ಸಿಕ್ಕಿದ್ದು, ಕಾಗದ ಇದೆ. ಪಕ್ಕದ ಮನೆಯವರಿಗೆ ಕಾರ್ಡ್ ಬಂತು, ನಮಗಿಲ್ಲ. ಏನಾದ್ರೂ ಮೋಸ ಆಗಿದೆಯಾ?

ಅರ್ಜಿ ಮೇಡಂ: ಮೋಸ ಅಲ್ಲ. ನ್ಯೂಜೆರ್ಸಿ ತನ್ನ ದುಡ್ಡಿನಲ್ಲಿ ಶಾಲಾ ಊಟದ ಮಿತಿಯನ್ನು 224 ಪರ್ಸೆಂಟ್‌ಗೆ ಏರಿಸಿದೆ. ಸಮ್ಮರ್ ಇಬಿಟಿ ಮಿತಿ 185ರಲ್ಲೇ ಇದೆ. ನಿಮ್ಮ ಆದಾಯ ಎರಡರ ನಡುವೆ ಇದ್ದರೆ ಊಟ ಉಂಟು, ಕಾರ್ಡ್ ಇಲ್ಲ. ಕಾಗದದಲ್ಲಿ ಯಾವ ವರ್ಗ ಅಂತ ಬರೆದಿರುತ್ತೆ ನೋಡಿ.

ಧಾರವಾಡದ ಪಿಎಚ್‌ಡಿ: ಮೇಡಂ ನಮಸ್ಕಾರ. ಒಹಾಯೋದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎಫ್-1. ವರ್ಷಕ್ಕೆ ಸುಮಾರು 30,000 ಡಾಲರ್ ಸ್ಟೈಪೆಂಡ್. ಹೆಂಡತಿ ಎಫ್-2 (ವಿದ್ಯಾರ್ಥಿಯ ಸಂಸಾರಕ್ಕೆ ಕೊಡುವ ವೀಸಾ), ಕೆಲಸ ಮಾಡುವಂತಿಲ್ಲ. ಮಗಳಿಗೆ 8 ವರ್ಷ, ಅವಳೂ ಎಫ್-2, ಸರ್ಕಾರಿ ಶಾಲೆ. ಮಗನಿಗೆ 3, ಇಲ್ಲೇ ಹುಟ್ಟಿದ. ಮಗಳ ಶಾಲೆಯಲ್ಲಿ ಎಲ್ಲರಿಗೂ ಊಟ ಫ್ರೀ, ಹಾಗಾಗಿ ನಾವು ಯಾವ ಫಾರ್ಮೂ ತುಂಬಿಲ್ಲ. ಕಾರ್ಡ್ ತಾನಾಗೇ ಮನೆಗೆ ಬರುತ್ತೆ ಅಂತ ಸ್ನೇಹಿತರು ಹೇಳಿದರು. ಇನ್ನೂ ಬಂದಿಲ್ಲ. ಈಗ ರಜೆ, ಎರಡು ಹೊತ್ತಿನ ಊಟ ಮನೆಯಲ್ಲೇ ಆಗಬೇಕು, ಲೆಕ್ಕ ತಪ್ಪುತ್ತಿದೆ. ನಮಗೆ ಅರ್ಹತೆ ಇದೆಯೇ? ತಗೊಂಡರೆ ವೀಸಾಕ್ಕೆ ತೊಂದರೆಯೇ?

ಅರ್ಜಿ ಮೇಡಂ: ನೀವು ಬರೆದಿದ್ದರಲ್ಲಿ ನನ್ನನ್ನು ಕಾಡಿದ್ದು ಒಂದೇ ಸಾಲು. "ಎಲ್ಲರಿಗೂ ಊಟ ಫ್ರೀ, ಯಾವ ಫಾರ್ಮೂ ತುಂಬಿಲ್ಲ." ಇಂಥ ಮನೆಗಳೇ ಕೈತಪ್ಪಿ ಹೋಗೋದು. ಸ್ವಲ್ಪ ಉದ್ದ ಬರೀತೀನಿ, ಬೇರೆಯವರೂ ಓದಿ.

ನಿಮ್ಮ ಮಗಳ ಶಾಲೆ ಸಿಇಪಿ ಶಾಲೆ ಇರಬೇಕು. ಸ್ನ್ಯಾಪ್ ಮುಂತಾದ ಪಟ್ಟಿಯಲ್ಲಿರುವ ಮಕ್ಕಳು ಇಷ್ಟು ಪಾಲು ಇದ್ದರೆ, ಇಡೀ ಶಾಲೆಗೇ ಊಟ ಫ್ರೀ ಮಾಡಬಹುದು. ಮೊದಲು ಆ ಪಾಲು 40 ಪರ್ಸೆಂಟ್ ಇರಬೇಕಿತ್ತು, 2023ರಲ್ಲಿ 25ಕ್ಕೆ ಇಳಿಸಿದರು. ಆಮೇಲೆ ಇನ್ನಷ್ಟು ಶಾಲೆಗಳಿಗೆ ದಾರಿಯಾಯಿತು. ಒಳ್ಳೆಯದೇ. ಅಲ್ಲಿ ಮನೆಮನೆಯ ಆದಾಯ ಕೇಳೋದಿಲ್ಲ. ಆದರೆ ಕೇಳದೇ ಇದ್ದಿದ್ದರಿಂದಲೇ ನಿಮ್ಮ ಮಗಳ ಹೆಸರಿನ ಮುಂದೆ "ಈ ಮಗುವಿಗೆ ಅರ್ಹತೆ ಇದೆ" ಅಂತ ಎಲ್ಲೂ ದಾಖಲೆ ಇಲ್ಲ. ಸಮ್ಮರ್ ಇಬಿಟಿ ಶಾಲೆಯನ್ನು ನೋಡಿ ಕೊಡೋದಲ್ಲ, ಒಂದೊಂದು ಮಗುವನ್ನು ನೋಡಿ ಕೊಡೋದು. ಸಿಇಪಿ ಶಾಲೆಯಲ್ಲಿ ಡಾಕ್ಟರ ಮಗನೂ ಫ್ರೀ ಊಟ ಮಾಡ್ತಾನೆ. ಅವನಿಗೆ ಕಾರ್ಡ್ ಇಲ್ಲ. ನಿಮ್ಮ ಮಗಳಿಗೆ ಇದೆ, ಆದರೆ ನೀವು ಕೇಳಬೇಕು.

ನಿಮ್ಮ ಸ್ನೇಹಿತರು ಸುಳ್ಳು ಹೇಳಿಲ್ಲ, ಹಳೇದು ಹೇಳಿದ್ದಾರೆ. ಕೋವಿಡ್ ಕಾಲದಲ್ಲಿ ಪಿ-ಇಬಿಟಿ ಅಂತ ಬೇರೆ ಕಾರ್ಡ್ ಇತ್ತು, ಸಿಇಪಿ ಶಾಲೆಯ ಮಕ್ಕಳೆಲ್ಲ ಅದಕ್ಕೆ ಅರ್ಹರಾಗಿದ್ದರು. ಅದು 2023ಕ್ಕೆ ಮುಗಿಯಿತು.

ಆದಾಯದ ವಿಷಯ. ನಾಲ್ಕು ಜನ, 30,000. ಮಿತಿಗಿಂತ ತುಂಬಾ ಕೆಳಗಿದ್ದೀರಿ. ಟ್ಯೂಷನ್ ಮನ್ನಾ ಆಗಿದ್ದನ್ನು ಆದಾಯಕ್ಕೆ ಸೇರಿಸಬೇಡಿ, ಕೈಗೆ ಬರೋ ಸ್ಟೈಪೆಂಡ್ ಮಾತ್ರ. ಉಳಿತಾಯ ಎಷ್ಟಿದೆ, ಊರಲ್ಲಿ ಜಮೀನಿದೆಯಾ, ಇದನ್ನೆಲ್ಲ ಈ ಅರ್ಜಿಯಲ್ಲಿ ಕೇಳಲ್ಲ. ಹೆಂಡತಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ "ಇಲ್ಲ" ಅಂತ ಗುರುತು ಹಾಕಿ, ಅದೇನೂ ಅಡ್ಡಿಯಲ್ಲ.

ಮಗನ ವಿಷಯ ಬಿಡಬೇಡಿ. 3 ವರ್ಷದವನಿಗೆ ಸನ್ ಬಕ್ಸ್ ಇಲ್ಲ. ಆದರೆ 5 ತುಂಬುವವರೆಗೆ ವಿಕ್ ಅನ್ನೋ ತಾಯಿ-ಮಕ್ಕಳ ಆಹಾರ ಯೋಜನೆ ಇದೆ. ಹಾಲು, ಮೊಟ್ಟೆ, ಹಣ್ಣು, ಕಾಳು ಕೊಡ್ತಾರೆ, ಅಲ್ಲೂ ವೀಸಾ ಅಡ್ಡ ಬರಲ್ಲ. ಅವನು ಇಲ್ಲಿನ ಪ್ರಜೆ, ಹಾಗಾಗಿ ಅವನೊಬ್ಬನ ಹೆಸರಿನಲ್ಲಿ ಸ್ನ್ಯಾಪ್‌ಗೂ ಅರ್ಜಿ ಹಾಕಬಹುದು. ನಿಮ್ಮ ಆದಾಯ ನೋಡ್ತಾರೆ, ಕೊಡೋದು ಅವನ ಪಾಲು ಮಾತ್ರ. ಅದು ಮಂಜೂರಾದರೆ ಇನ್ನೊಂದು ಲಾಭ ಇದೆ. ಮನೆಯಲ್ಲಿ ಒಬ್ಬರಿಗೆ ಸ್ನ್ಯಾಪ್ ಇದ್ದರೆ ಆ ಮನೆಯ ಶಾಲಾ ಮಕ್ಕಳೆಲ್ಲ ಫ್ರೀ ಊಟದ ಲೆಕ್ಕಕ್ಕೆ ಬರುತ್ತಾರೆ. ಅಂದರೆ ತಮ್ಮನ ಕೇಸ್ ನಂಬರ್ ಅಕ್ಕನ ಅರ್ಜಿಗೆ ಆಗುತ್ತೆ. ಆದರೆ ಅದಕ್ಕೆ ಕಾಯುತ್ತಾ ಕೂರಬೇಡಿ. ಮಗಳ ಅರ್ಜಿಯನ್ನು ಆದಾಯದ ಮೇಲೆ ಇವತ್ತೇ ಹಾಕಿ. ಕೊನೇ ದಿನ ರಾಜ್ಯಕ್ಕೊಂದು ಇರುತ್ತೆ.

ವೀಸಾ: ಈ ಕಾರ್ಡಿಗೆ ಪೌರತ್ವ ಬೇಕಿಲ್ಲ. ಪಬ್ಲಿಕ್ ಚಾರ್ಜ್ ಅಂದರೆ ಸರ್ಕಾರದ ನೆರವಿನ ಮೇಲೇ ಬದುಕುವವರು ಅಂತ ವೀಸಾ, ಗ್ರೀನ್ ಕಾರ್ಡ್ ಕೊಡುವಾಗ ನೋಡೋದು. 2025ರ ಜೂನಿನಲ್ಲಿ ಜಾರಿಯಲ್ಲಿರುವ 2022ರ ಪಬ್ಲಿಕ್ ಚಾರ್ಜ್ ನಿಯಮದಲ್ಲಿ ಸನ್ ಬಕ್ಸ್, ಶಾಲಾ ಊಟ, ವಿಕ್, ಸ್ನ್ಯಾಪ್ ಯಾವುದನ್ನೂ ಲೆಕ್ಕ ಹಿಡಿಯಲ್ಲ. ವೀಸಾ ಸ್ಟಾಂಪಿಂಗ್‌ಗೆ ಊರಿಗೆ ಹೋಗೋದಿದ್ದರೆ ಯೂನಿವರ್ಸಿಟಿಯ ವಕೀಲರ ಹತ್ತಿರ ಒಂದು ಮಾತು ಕೇಳಿ. ವಾಟ್ಸಾಪ್ ವಕೀಲರ ಹತ್ತಿರ ಅಲ್ಲ.

ಶಿಕಾಗೋ ಶೆಟ್ರು: ಫಾರ್ವರ್ಡ್ ಆಗಿ ಬಂದಿದ್ದು: "ಎಚ್ಚರ! ಸಮ್ಮರ್ ಕಾರ್ಡ್ ತಗೊಂಡವರ ಗ್ರೀನ್ ಕಾರ್ಡ್ ರದ್ದು. ಹತ್ತು ಜನಕ್ಕೆ ಕಳಿಸಿ." ನಿಜಾನಾ ಮೇಡಂ?

ಅರ್ಜಿ ಮೇಡಂ: ಅದರ ಮೇಲಿನ ಉತ್ತರ ಓದಿ ಇದನ್ನು ಹಾಕಿದ್ರಾ, ಓದದೇ ಹಾಕಿದ್ರಾ?

ಸನ್ನಿವೇಲ್ ಸುಬ್ಬಿ: ನನಗೆ ಇನ್ನೊಂದು ಬಂದಿದೆ. "ಈ ಲಿಂಕ್ ಒತ್ತಿ, ಹಳೇ ಇಬಿಟಿ ಕಾರ್ಡ್ ನಂಬರ್ ಮತ್ತು ಪಿನ್ ಹಾಕಿದರೆ 120 ಡಾಲರ್ ಕೂಡಲೇ ಜಮಾ."

ಅರ್ಜಿ ಮೇಡಂ: ಒತ್ತಬೇಡಿ! ಯಾವ ಸರ್ಕಾರಿ ಆಫೀಸೂ ಮೆಸೇಜಿನಲ್ಲಿ ಪಿನ್ ಕೇಳಲ್ಲ. ಇಂಥ ಲಿಂಕಿಗೆ ಸ್ನ್ಯಾಪ್ ಕಾರ್ಡಿನ ಪಿನ್ ಕೊಟ್ಟು ದುಡ್ಡು ಖಾಲಿಯಾದರೆ, ಕದ್ದ ದುಡ್ಡನ್ನು ಕೇಂದ್ರ ತುಂಬಿಕೊಡುವ ವ್ಯವಸ್ಥೆ 2024ರ ಡಿಸೆಂಬರ್ 20ಕ್ಕೇ ಮುಗಿದಿದೆ. ಹೋದರೆ ಹೋಯಿತು. ದಯವಿಟ್ಟು ಆ ಲಿಂಕನ್ನು ಇಲ್ಲಿಂದಲೂ ಅಳಿಸಿ. "ಎಚ್ಚರಿಕೆಗೆ ಅಂತ ಹಾಕಿದೆ" ಅನ್ನಬೇಡಿ, ನೋಡಿದವರಲ್ಲಿ ಒಬ್ಬರು ಒತ್ತೇ ಒತ್ತುತ್ತಾರೆ.

ಸ್ವಾಭಿಮಾನಿ ಕನ್ನಡಿಗ: ಬೇಜಾರು ಮಾಡ್ಕೋಬೇಡಿ, ಆದರೆ ಒಂದು ಮಾತು. ಇಷ್ಟು ದೂರ ಬಂದು, ಇಂಗ್ಲಿಷ್ ಓದಿ, ಸರ್ಕಾರದ ಮುಂದೆ ಕೈಚಾಚೋದಾ? ಟ್ಯಾಕ್ಸ್ ಕಟ್ಟೋರು ನಾವು. ಓದೋಕೆ ಬಂದೋರು ಸಂಸಾರ ಸಾಕೋ ಶಕ್ತಿ ಇದ್ದರೆ ಬರಬೇಕು.

ಬಿಸಿಯೂಟದ ಹುಡುಗ: ಸರ್, ನಾನು ಬಿಸಿಯೂಟ ತಿಂದೇ ಓದಿ ಇಲ್ಲಿಗೆ ಬಂದಿದ್ದು. 2024ರಲ್ಲಿ ಬರ ಬಂದಾಗ ನಮ್ಮ ತಾಲ್ಲೂಕಿನ ಶಾಲೆಯಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಹಾಕಿದರು. ಅದೂ ಕೈಚಾಚೋದಾ?

ಸ್ವಾಭಿಮಾನಿ ಕನ್ನಡಿಗ: ಅದು ನಮ್ಮ ದೇಶ, ನಮ್ಮ ದುಡ್ಡು. ಇದು ಬೇರೆ.

ನಿವೃತ್ತ ಮೇಷ್ಟ್ರು: ತಮ್ಮಾ, ನಿನ್ನ ವಯಸ್ಸು ಗೊತ್ತಿಲ್ಲ. ನಮ್ಮ ಕಾಲದಲ್ಲಿ ಹಳ್ಳಿ ಶಾಲೆಯಲ್ಲಿ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ಕೊಡೋರು. ಡಬ್ಬದ ಮೇಲೆ ಅಮೆರಿಕದ ಗುರುತು ಇರ್ತಿತ್ತು. ತಟ್ಟೆ ಇಲ್ಲದೋರು ಮುತ್ತುಗದ ಎಲೆ ತರ್ತಿದ್ವಿ. ಅದನ್ನು ತಿಂದ ಸ್ವಾಭಿಮಾನಿಗಳು ಬೇಕಾದಷ್ಟು ಜನ ಇದ್ದಾರೆ.

ಸ್ವಾಭಿಮಾನಿ ಕನ್ನಡಿಗ: ಸರ್, ನಿಮ್ಮ ಬಗ್ಗೆ ಗೌರವ ಇದೆ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಟೆಸ್ಲಾ ಇಟ್ಟುಕೊಂಡು ಕಾರ್ಡ್ ಉಜ್ಜೋರಿದ್ದಾರೆ.

ಎಡಿಸನ್ ಗೃಹಿಣಿ: ಯಾರ ಬಗ್ಗೆ ಹೇಳ್ತಿದ್ದೀರಾ ಅಂತ ನೇರವಾಗಿ ಹೇಳಿ. ನಮ್ಮ ಯಜಮಾನರಿಗೆ ಫೆಬ್ರವರಿಯಿಂದ ಕೆಲಸ ಇಲ್ಲ. ಕಾರು ಅದಕ್ಕೂ ಮುಂಚಿನದು.

ಸ್ವಾಭಿಮಾನಿ ಕನ್ನಡಿಗ: ನಿಮಗೆ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ...

ಅಡ್ಮಿನ್: ಸಾಕು. ಇಬ್ಬರೂ ನಿಲ್ಲಿಸಿ.

ಅರ್ಜಿ ಮೇಡಂ: ಗೃಹಿಣಿಯವರೇ, ಕೆಲಸ ಹೋಗಿದ್ದನ್ನು ಮೊದಲೇ ಹೇಳಬಾರದಾ? ಹಾಗಿದ್ದರೆ ನನ್ನ ಮೊದಲಿನ ಉತ್ತರ ನಿಮಗೆ ಸಾಲದು. ಶಾಲೆಯ ಅರ್ಜಿ ಯಾವಾಗ ಹಾಕಿದ್ದು, ಸೆಪ್ಟೆಂಬರಿನಲ್ಲಾ? ಅವತ್ತಿನ ಸಂಬಳದ ಮೇಲೆ ವರ್ಗ ನಿರ್ಧಾರ ಆಗಿದೆ. ಈಗ ರಾಜ್ಯದ ಸಮ್ಮರ್ ಇಬಿಟಿ ಅರ್ಜಿಯನ್ನು ಹೊಸದಾಗಿ ಹಾಕಿ, ಈಗಿನ ಆದಾಯ ಬರೆಯಿರಿ. ಅನ್‌ಎಂಪ್ಲಾಯ್‌ಮೆಂಟ್ ದುಡ್ಡು ಬರ್ತಿದ್ದರೆ ಅದನ್ನು ಸೇರಿಸಬೇಕು. ಬ್ಯಾಂಕಿನಲ್ಲಿ ಇರೋದು, ಕಾರು, ಮನೆ ಸೇರಿಸಬೇಕಿಲ್ಲ. ಇನ್ನು ಟೆಸ್ಲಾ ಎಣಿಸೋರು: ಅರ್ಜಿ ನೋಡುವ ನನಗೇ ಕಾರು ಕೇಳೋ ಅಧಿಕಾರ ಇಲ್ಲ, ನಿಮಗೆ ಯಾರು ಕೊಟ್ಟರು?

ಮೈಸೂರು ಪಾಕ್: ಮಕ್ಕಳು ಆಗಸ್ಟ್‌ವರೆಗೆ ಮೈಸೂರಿನಲ್ಲಿ ಅಜ್ಜಿ ಮನೇಲಿ ಇರ್ತಾರೆ. ಆದರೂ ಕಾರ್ಡ್ ತಗೋಬಹುದಾ?

ಮಂಡ್ಯ ಟು ಮಿನ್ನೆಸೋಟ: ಇಂಡಿಯನ್ ಅಂಗಡೀಲಿ ನಡೆಯುತ್ತಾ ಈ ಕಾರ್ಡು?

ಅರ್ಜಿ ಮೇಡಂ: ಬಾಗಿಲ ಮೇಲೆ ಇಬಿಟಿ ಸ್ಟಿಕ್ಕರ್ ಇದ್ದರೆ ನಡೆಯುತ್ತೆ. ಅಕ್ಕಿ, ಬೇಳೆ, ತುಪ್ಪ, ಸಾಂಬಾರ್ ಪುಡಿ, ಫ್ರೋಜನ್ ಪರೋಟ ಆಗುತ್ತೆ. ಕೌಂಟರಿನ ಬಿಸಿ ಸಮೋಸ ಆಗಲ್ಲ, ಸೋಪು, ಊದುಬತ್ತಿ, ವಿಟಮಿನ್ ಮಾತ್ರೆ ಆಗಲ್ಲ. ಟೊಮೆಟೊ ಸಸಿ, ಮೆಂತ್ಯದ ಬೀಜ ಆಗುತ್ತೆ, ತಿನ್ನೋಕೆ ಬೆಳೆಯೋದಾದ್ದರಿಂದ. ಮುಖ್ಯವಾದದ್ದು: ದುಡ್ಡು ಹಾಕಿದ 122 ದಿನಕ್ಕೆ ಉಳಿದಿದ್ದು ವಾಪಸ್ ಹೋಗುತ್ತೆ. ಬೇಡಿದರೂ ಬರಲ್ಲ. ಮತ್ತೆ, ಕಾರ್ಡ್ ಬರೋ ಲಕೋಟೆ ನೋಡೋಕೆ ಜಾಹೀರಾತಿನ ಕಾಗದದ ಥರಾನೇ ಇರಬಹುದು. ತೆರೆಯದೇ ಕಸಕ್ಕೆ ಹಾಕಬೇಡಿ.

ಶಾರ್ಲಟ್ ಶಾರದಾ: ನಾವು ಮನೆಯಲ್ಲೇ ಮಕ್ಕಳಿಗೆ ಪಾಠ ಮಾಡ್ತೀವಿ. ಸಿಗುತ್ತಾ?

ಅರ್ಜಿ ಮೇಡಂ: ಸ್ನ್ಯಾಪ್ ಇದ್ದು, ಶಾಲೆಗೆ ಹೋಗುವ ವಯಸ್ಸಾಗಿದ್ದರೆ ಉಂಟು. ಬರೀ ಆದಾಯದ ಮೇಲೆ ಆಗಲ್ಲ, ಅದಕ್ಕೆ ಸರ್ಕಾರದ ಊಟದ ಯೋಜನೆಯಲ್ಲಿರುವ ಶಾಲೆಯಲ್ಲಿ ಹೆಸರಿರಬೇಕು.

ಹೊಸ ಸದಸ್ಯ: ಹಾಯ್ ಮೇಡಂ, ನಾನು ಮಾಸ್ಟರ್ಸ್ ಸ್ಟೂಡೆಂಟ್, ನನಗೆ...

ಅರ್ಜಿ ಮೇಡಂ: ಇಲ್ಲ. ಮೇಲೆ ಓದಿ.

ಹೊಸ ಸದಸ್ಯ: ಇಷ್ಟು ಸಿಡುಕಿದರೆ ಯಾಕೆ ಕೂರಬೇಕು ಉತ್ತರ ಕೊಡೋಕೆ.

ಬೆಣ್ಣೆದೋಸೆ ಡಲ್ಲಾಸ್: ಅಯ್ಯೋ ಮಾರಾಯ, ಅವರು ಪುಕ್ಕಟೆ ಹೇಳ್ತಿದ್ದಾರೆ. ಮೇಲಕ್ಕೆ ಬೆರಳು ಜಾರಿಸೋಕೆ ಏನು ಕಷ್ಟ?

ಹೊಸ ಸದಸ್ಯ: ನಿಮ್ಮನ್ನ ಕೇಳಿದ್ನಾ?

ಮೈಸೂರು ಪಾಕ್: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ ಅನ್ಸುತ್ತೆ. ಮಕ್ಕಳು ಮೈಸೂರಿನಲ್ಲಿದ್ದಾರೆ...

ಶಿಕಾಗೋ ಶೆಟ್ರು: ಇನ್ನೊಂದು ಫಾರ್ವರ್ಡ್ ಇದೆ, ಹಾಕಲಾ?

ಅಡ್ಮಿನ್: ಬೇಡ.

ಧಾರವಾಡದ ಪಿಎಚ್‌ಡಿ: ಮೇಡಂ, ಶಾಲೆಗೆ ಫೋನ್ ಮಾಡಿದೆ. "ನಮ್ಮಲ್ಲಿ ಎಲ್ಲರಿಗೂ ಫ್ರೀ, ಫಾರ್ಮ್ ಬೇಕಿಲ್ಲ" ಎಂದರು. ಎರಡು ಸಲ ಕೇಳಿದೆ, ಅದೇ ಉತ್ತರ. ಈಗ ಏನು ಮಾಡಲಿ?

ಅರ್ಜಿ ಮೇಡಂ: ಅವರು ಹೇಳಿದ್ದು ಶಾಲಾ ಊಟದ ಫಾರ್ಮ್ ಬಗ್ಗೆ. ಅದು ನಿಜ, ಆ ಫಾರ್ಮ್ ನಿಮಗೆ ಬೇಡ. ನಿಮಗೆ ಬೇಕಿರೋದು ಸಮ್ಮರ್ ಇಬಿಟಿ ಅರ್ಜಿ, ಅದು ರಾಜ್ಯದ್ದು. ಒಹಾಯೋ ಸರ್ಕಾರದ ವೆಬ್‌ಸೈಟಿನಲ್ಲಿ ಹುಡುಕಿ, ವಿಳಾಸದ ಕೊನೆಗೆ ಡಾಟ್ ಗವ್ ಇದೆಯಾ ನೋಡಿಕೊಳ್ಳಿ. ಶಾಲೆಯ ಹೆಸರು, ಮಗಳ ಹೆಸರು, ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಹಾಕಿ. ನಮ್ಮವರ ಹೆಸರಿನಲ್ಲಿ ಇನಿಶಿಯಲ್ ಹಿಂದೆ ಮುಂದೆ ಆಗಿ ಎಷ್ಟೋ ಅರ್ಜಿ ಹೊಂದಾಣಿಕೆಯಾಗದೆ ಬಿದ್ದಿರುತ್ತವೆ. ಅಪ್ಪನ ಹೆಸರು ಕೊನೆಯ ಹೆಸರಾಗಿದೆಯಾ, ಊರಿನ ಹೆಸರಾ, ರಿಪೋರ್ಟ್ ಕಾರ್ಡ್ ತೆಗೆದು ನೋಡಿ ಬರೆಯಿರಿ.

ಧಾರವಾಡದ ಪಿಎಚ್‌ಡಿ: ರಿಪೋರ್ಟ್ ಕಾರ್ಡಿನಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ನನ್ನ ಹೆಸರೇ ಇದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು.

ಅರ್ಜಿ ಮೇಡಂ: ರಿಪೋರ್ಟ್ ಕಾರ್ಡಿನಲ್ಲಿ ಇದ್ದ ಹಾಗೆ ಹಾಕಿ.